ವೆಬ್ ವಿನ್ಯಾಸದ ತರಬೇತಿ: ಹಣ ಕಟ್ಟುವ ಮುನ್ನ

ನಮ್ಮ ಸದಸ್ಯರ ಮನೆಗಳಲ್ಲಿ ಈಚೀಚೆಗೆ ಒಂದು ವಿಚಾರ ಪದೇ ಪದೇ ಚರ್ಚೆಗೆ ಬರುತ್ತಿದೆ. ಬಿ.ಕಾಂ. ಮುಗಿಸಿ ಎಲ್ಲೋ ಲೆಕ್ಕ ಬರೆಯುತ್ತಿರುವ ಮಗ, ಮದುವೆಯಾಗಿ ಬಂದ ಮೇಲೆ ಶಾಲೆಯ ಕೆಲಸ ಬಿಟ್ಟ ಸೊಸೆ, ಮುಂಬಯಿಯಿಂದಲೋ ಗಲ್ಫಿನಿಂದಲೋ ಊರಿಗೆ ಹಿಂದಿರುಗಿದ ತಮ್ಮ, ಇವರಲ್ಲಿ ಯಾರಾದರೊಬ್ಬರು ವೆಬ್ ಡಿಸೈನ್ ಕಲಿಯುತ್ತೇನೆ, ತೋಟವನ್ನು ನೋಡಿಕೊಂಡು ಮನೆಯಲ್ಲೇ ಕುಳಿತು ದುಡಿಯಬಹುದು ಎನ್ನುತ್ತಾರೆ. ಅವರ ಕೈಯಲ್ಲಿ ಒಂದು ಜಾಹೀರಾತು ಇರುತ್ತದೆ. ಆರು ತಿಂಗಳ ತರಬೇತಿ, ಕೆಲಸ ಖಾತ್ರಿ, ಶುಲ್ಕ ಕಂತಿನಲ್ಲಿ ಎಂದು ಅದರಲ್ಲಿ ಬರೆದಿರುತ್ತದೆ. ಮನೆಯ ಹಿರಿಯರಿಗೆ ಹೌದೆನ್ನಲು ಭಯ, ಬೇಡವೆನ್ನಲು ಸಂಕೋಚ.

ಕೊಳೆರೋಗ, ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳ ನಡುವೆ ಎರಡು ಮೂರು ಎಕರೆಯ ತೋಟವೊಂದರಿಂದಲೇ ಇಡೀ ಸಂಸಾರ ಸಾಗಬೇಕೆಂದರೆ ಎಷ್ಟು ಕಷ್ಟವೆಂಬುದು ನಮಗೆಲ್ಲ ತಿಳಿದದ್ದೇ. ಮನೆಯಲ್ಲಿ ಇನ್ನೊಂದು ಉತ್ಪತ್ತಿ ಬೇಕೆಂದು ಮಕ್ಕಳು ಯೋಚಿಸುವುದು ತಪ್ಪಲ್ಲ. ಆದರೆ ಚಿನ್ನ ಅಡವಿಟ್ಟು ಕಟ್ಟಿದ ಹಣ ಮತ್ತು ಕಳೆದ ಒಂದು ವರ್ಷ, ಇವೆರಡೂ ಹಿಂದಕ್ಕೆ ಬರುವುದಿಲ್ಲ. ಆದುದರಿಂದ ಈ ತರಬೇತಿಯನ್ನು ಹೇಗೆ ಆರಿಸಬೇಕೆಂಬ ಬಗ್ಗೆ ಕೆಲವು ವಿಚಾರಗಳನ್ನು ಸದಸ್ಯರ ಮುಂದಿಡುತ್ತಿದ್ದೇವೆ. ನಮ್ಮ ಸಲಹೆಯನ್ನು ಮೊದಲೇ ಹೇಳಿಬಿಡುವುದಾದರೆ ಅದು ಇಷ್ಟೇ: ಹಣ ಕಟ್ಟುವ ಮುನ್ನ ಮೂರು ತಿಂಗಳು ಆ ಕೆಲಸವನ್ನು ಮಾಡಿ ನೋಡಬೇಕು. ಆ ಮೇಲೂ ಹಣ ಕೊಡುವುದಾದರೆ ಪುಕ್ಕಟೆಯಾಗಿ ಸಿಗದ ಒಂದೇ ವಸ್ತುವಿಗೆ, ಅಂದರೆ ನಮ್ಮ ಕೆಲಸವನ್ನು ನೋಡಿ ತಿದ್ದುವ ಗುರುವಿಗೆ, ಕೊಡಬೇಕು.

ವೆನಿಲ್ಲಾದ ದಿನಗಳು ಅನೇಕರಿಗೆ ನೆನಪಿರಬಹುದು. 2003ರ ಸುಮಾರಿಗೆ ಹಸಿ ಕೋಡಿನ ಬೆಲೆ ಕಿಲೋವಿಗೆ ಸಾವಿರಗಳ ಲೆಕ್ಕಕ್ಕೆ ಏರಿದಾಗ ತೋಟ ತೋಟಗಳಲ್ಲಿ ಬಳ್ಳಿ ಹಬ್ಬಿಸಿದೆವು. ಮುಂದಿನ ಎರಡು ವರ್ಷಗಳಲ್ಲಿ ಬೆಲೆ ಕುಸಿಯಿತು. ಆ ಅವಧಿಯಲ್ಲಿ ನಿಶ್ಚಿತವಾಗಿ ಲಾಭ ಮಾಡಿದವರು ಕೋಡು ಮಾರಿದವರಿಗಿಂತ ಹೆಚ್ಚಾಗಿ ಬಳ್ಳಿಯ ತುಂಡು ಮಾರಿದವರು. ವೆನಿಲ್ಲಾ ಕೆಟ್ಟ ಬೆಳೆಯೆಂದು ಇದರ ಅರ್ಥವಲ್ಲ. ಬಳ್ಳಿ ಮಾರುವವನ ಮಾತಿನಿಂದ ಮಾತ್ರ ಬೆಳೆಯ ಭವಿಷ್ಯವನ್ನು ಅಳೆಯಬಾರದು ಎಂದಷ್ಟೇ ಅರ್ಥ. ತರಬೇತಿ ಮಾರುವವರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ.

ಈ ಕೆಲಸ ಎಂದರೆ ಏನು?

ಖರೀದಿ ಕೇಂದ್ರದಲ್ಲಿ ಅಡಿಕೆ ಹಾಕಿದಾಗ ಸದಸ್ಯರಿಗೆ ಒಂದು ಚೀಟಿ ಸಿಗುತ್ತದೆ. ಅದರಲ್ಲಿ ಶೀರ್ಷಿಕೆ, ಸದಸ್ಯರ ಹೆಸರು, ದರ್ಜೆ, ತೂಕ, ದರ, ಮೊತ್ತ ಎಂದು ಬೇರೆ ಬೇರೆ ಭಾಗಗಳಿವೆ. ಈ ಚೀಟಿಯನ್ನು ಜಾಲತಾಣದ ಒಂದು ಪುಟವೆಂದು ಭಾವಿಸಿಕೊಳ್ಳಿ. ಇದು ಶೀರ್ಷಿಕೆ, ಇದು ಹೆಸರು, ಇದು ಪಟ್ಟಿ ಎಂದು ಗುರುತು ಹಾಕುವ ಬರವಣಿಗೆಗೆ ಎಚ್‌ಟಿಎಂಎಲ್ ಎನ್ನುತ್ತಾರೆ. ಅಕ್ಷರ ಎಷ್ಟು ದೊಡ್ಡದಿರಬೇಕು, ಬಣ್ಣ ಯಾವುದು, ಸಣ್ಣ ಮೊಬೈಲಿನಲ್ಲಿ ಪುಟ ಹೇಗೆ ಮಡಚಿಕೊಳ್ಳಬೇಕು ಎಂಬುದನ್ನು ನಿರ್ಧರಿಸುವುದು ಸಿಎಸ್‌ಎಸ್. ತೂಕ ಮತ್ತು ದರ ತುಂಬಿಸಿದ ಕೂಡಲೇ ಮೊತ್ತವನ್ನು ತಾನೇ ಲೆಕ್ಕ ಹಾಕಿ ತೋರಿಸುವಂಥ ಚಲನೆಯನ್ನು ಕೊಡುವುದು ಜಾವಾಸ್ಕ್ರಿಪ್ಟ್. ಈ ಮೂರು ವೆಬ್ ಕೆಲಸದ ತಳಪಾಯ.

ವೆಬ್ ಎಂಬ ವ್ಯವಸ್ಥೆಯನ್ನು ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದಾಗ ಸೂಚಿಸಿದರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಇದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಪ್ರಕಟಿಸಿತು. ಈ ತಳಪಾಯಕ್ಕೆ ಒಡೆಯರಿಲ್ಲವಾದ ಕಾರಣ ಅದನ್ನು ಕಲಿಯಲು ಬೇಕಾದ ಸಾಮಗ್ರಿಯೂ ಬಹುಮಟ್ಟಿಗೆ ಪುಕ್ಕಟೆಯಾಗಿಯೇ ದೊರೆಯುತ್ತದೆ. ಇದು ನಮ್ಮವರು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಫ್ಲ್ಯಾಶ್ ಎಂಬ ಒಂದು ತಂತ್ರಾಂಶ ಒಂದು ಕಾಲದಲ್ಲಿ ಬಹಳ ಜನಪ್ರಿಯವಾಗಿತ್ತು. ಅದನ್ನು ಕಲಿಸುವ ತರಗತಿಗಳು ಪೇಟೆ ಪೇಟೆಗಳಲ್ಲಿದ್ದವು. ಅದರ ಒಡೆತನವಿದ್ದ ಅಡೋಬಿ ಕಂಪೆನಿ 2020ರ ಡಿಸೆಂಬರ್ 31ಕ್ಕೆ ಅದನ್ನು ನಿಲ್ಲಿಸಿತು. ಫ್ಲ್ಯಾಶ್ ಒಂದನ್ನೇ ಕಲಿತವರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ತಳಪಾಯವನ್ನು ಕಲಿತವರಿಗೆ ಆ ತೊಂದರೆ ಬರಲಿಲ್ಲ. ಪಠ್ಯಪಟ್ಟಿಯಲ್ಲಿ ಹತ್ತಾರು ತಂತ್ರಾಂಶಗಳ ಹೆಸರು ಉದ್ದಕ್ಕೆ ಇದ್ದು, ಮೇಲೆ ಹೇಳಿದ ಮೂರಕ್ಕೆ ಒಂದೆರಡು ವಾರ ಮಾತ್ರ ಇದ್ದರೆ ಎಚ್ಚರಿಕೆ ವಹಿಸುವುದು ಒಳ್ಳೆಯದು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ, ಸರಳವಾದ ಪುಟವೊಂದನ್ನು ಯಂತ್ರವೇ ಕೆಲವು ನಿಮಿಷಗಳಲ್ಲಿ ಬರೆದುಕೊಡುತ್ತದೆ. ಆದುದರಿಂದ ಬರಿಯ ಪುಟ ಕಟ್ಟುವುದನ್ನು ಮಾತ್ರ ಕಲಿತರೆ ಅದಕ್ಕೆ ಸಂಬಳ ಸಿಗುವುದು ಕಷ್ಟ. ಗಿರಾಕಿಗೆ ನಿಜಕ್ಕೂ ಏನು ಬೇಕೆಂದು ತಿಳಿಯುವುದು, ಯಂತ್ರ ಬರೆದದ್ದರಲ್ಲಿ ತಪ್ಪು ಎಲ್ಲಿದೆಯೆಂದು ಗುರುತಿಸುವುದು, ಕೆಟ್ಟಾಗ ಸರಿಪಡಿಸುವುದು, ವರ್ಷವಿಡೀ ತಾಣವನ್ನು ನೋಡಿಕೊಳ್ಳುವುದು, ಇವು ಮನುಷ್ಯನ ಕೆಲಸವಾಗಿಯೇ ಉಳಿದಿವೆ. ತಳಪಾಯ ಗಟ್ಟಿಯಿಲ್ಲದವನಿಗೆ ಇವು ಒಗ್ಗುವುದಿಲ್ಲ.

ನಮ್ಮ ಜಿಲ್ಲೆಯ ಪರಿಸ್ಥಿತಿ

ಉಡುಪಿ ಜಿಲ್ಲೆಗೆ ಈ ವಿದ್ಯೆ ಹೊಸತಲ್ಲ. ಮಣಿಪಾಲದ ಇಂಜಿನಿಯರಿಂಗ್ ಕಾಲೇಜು 1957ರಲ್ಲಿ ಆರಂಭವಾಯಿತು. ಕಾರ್ಕಳ ತಾಲೂಕಿನ ನಿಟ್ಟೆಯ ಇಂಜಿನಿಯರಿಂಗ್ ಕಾಲೇಜು 1986ರದು. 1996ರಲ್ಲಿ ಉಡುಪಿಯಲ್ಲೇ ಹುಟ್ಟಿದ ರೋಬೋಸಾಫ್ಟ್ ಎಂಬ ತಂತ್ರಾಂಶ ಸಂಸ್ಥೆ ಹೊರದೇಶಗಳ ಗಿರಾಕಿಗಳಿಗೂ ಕೆಲಸ ಮಾಡಿಕೊಟ್ಟು ಬೆಳೆಯಿತು. 2021ರಲ್ಲಿ ಅದನ್ನು ಜಪಾನಿನ ಟೆಕ್ನೋಪ್ರೊ ಎಂಬ ಸಮೂಹ ಕೊಂಡುಕೊಂಡಿತು. ಬೆಂಗಳೂರಿಗೆ ಹೋಗದೆಯೂ ಈ ಕೆಲಸ ನಡೆಯುತ್ತದೆಂಬುದಕ್ಕೆ ಇದು ಸಾಕ್ಷಿ.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಇಷ್ಟು ಕಾಲೇಜುಗಳಿರುವ ಜಿಲ್ಲೆಯಲ್ಲಿ ಆರು ತಿಂಗಳ ತರಬೇತಿ ಪಡೆದವನು ನಾಲ್ಕು ವರ್ಷ ಓದಿದ ಇಂಜಿನಿಯರುಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಅವರಷ್ಟು ಗಣಿತ, ಅವರಷ್ಟು ಗಣಕಶಾಸ್ತ್ರ ಅವನಿಗೆ ಬರಲಾರದು. ಹಾಗಾದರೆ ಅವನ ಬಂಡವಾಳ ಯಾವುದು? ಅವನ ಹಳೆಯ ಕೆಲಸದ ಅನುಭವವೇ. ಹತ್ತು ವರ್ಷ ಹೊಟೇಲಿನಲ್ಲಿ ದುಡಿದವನಿಗೆ ಹೊಟೇಲಿನ ಜಾಲತಾಣದಲ್ಲಿ ಗಿರಾಕಿ ಮೊದಲು ಏನನ್ನು ಹುಡುಕುತ್ತಾನೆಂದು ಗೊತ್ತಿರುತ್ತದೆ. ಶಾಲೆಯಲ್ಲಿ ಕಲಿಸಿದವಳಿಗೆ ಹೆತ್ತವರ ಪ್ರಶ್ನೆಗಳು ಗೊತ್ತು. ಲೆಕ್ಕ ಬರೆದವನಿಗೆ ಬಿಲ್ಲು, ತೆರಿಗೆ, ದಾಸ್ತಾನು ಗೊತ್ತು. ವೃತ್ತಿ ಬದಲಿಸುವವರು ಹಳೆಯದನ್ನು ಎಸೆದು ಬರಬೇಕಾಗಿಲ್ಲ, ಜೊತೆಗೆ ತರಬೇಕು.

ಎರಡನೆಯ ಬಂಡವಾಳ ಕನ್ನಡ. ದಕ್ಷಿಣ ಕನ್ನಡದ ಕಿನ್ನಿಕಂಬಳದ ನಾಡೋಜ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನೇ ಅನುಸರಿಸಿ ಇಂದು ಕನ್ನಡಿಗರು ಗಣಕದಲ್ಲಿ ಕನ್ನಡ ಬರೆಯುತ್ತಾರೆ. ಡಾ. ಯು.ಬಿ. ಪವನಜ ಅವರು ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಕನ್ನಡದ ಮೊದಲ ಜಾಲತಾಣವಾದ ವಿಶ್ವಕನ್ನಡವನ್ನು 1996ರಲ್ಲಿ ತಂದವರು ಅವರೇ. ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಬಂದವರು ಈ ವಿದ್ಯೆಯ ಮೊದಲ ಸಾಲಿನಲ್ಲಿಯೇ ಇದ್ದಾರೆ.

ಇಂದಿಗೂ ಕನ್ನಡ ಪುಟಗಳಲ್ಲಿ ದೋಷಗಳು ಬಹಳ. ಇಂಗ್ಲಿಷಿಗೆ ಹೊಂದಿಸಿದ ಸಾಲುಗಳ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಇಲ್ಲವೇ ತುಂಡಾಗಿ ಕಾಣಿಸುತ್ತವೆ. ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟ ಕಡತವನ್ನು ಯೂನಿಕೋಡಿಗೆ ಬದಲಿಸದೆ ಪುಟಕ್ಕೆ ಹಾಕಿದರೆ ಓದುಗನಿಗೆ ಅರ್ಥವಿಲ್ಲದ ಚಿಹ್ನೆಗಳು ಮಾತ್ರ ಕಾಣುತ್ತವೆ. ಇದನ್ನು ನೋಡಿದ ಕೂಡಲೇ ತಪ್ಪೆಂದು ಗುರುತಿಸುವ ಕಣ್ಣು ಕನ್ನಡ ಓದಿ ಬೆಳೆದವರಿಗೆ ಇದೆ. ಈ ಕಣ್ಣಿಗೆ ಕೆಲಸ ಕಲಿಸುವುದೇ ತರಬೇತಿಯ ಉದ್ದೇಶವಾಗಬೇಕು.

ಮೊದಲು ನೀರಿಗೆ ಹಾಕಿ ನೋಡುವುದು

ಬೀಜದಡಿಕೆ ಆರಿಸುವ ಕ್ರಮ ನಮಗೆ ತಿಳಿದಿದೆ. ಚೆನ್ನಾಗಿ ಹಣ್ಣಾದ, ತೂಕವಿರುವ ಅಡಿಕೆಗಳನ್ನು ನೀರಿಗೆ ಹಾಕಿ, ತೊಟ್ಟು ಮೇಲಾಗಿ ನೆಟ್ಟಗೆ ತೇಲುವಂಥವನ್ನು ಮಡಿಗೆ ಆರಿಸುತ್ತೇವೆ. ಈ ಪರೀಕ್ಷೆಗೆ ಒಂದು ಕೊಪ್ಪರಿಗೆ ನೀರು ಸಾಕು, ಖರ್ಚಿಲ್ಲ. ಹಾಗೆ ಮಾಡದೆ ನೆಟ್ಟರೆ ತಪ್ಪು ತಿಳಿಯುವುದು ಐದಾರು ವರ್ಷ ಕಳೆದ ಮೇಲೆ. ವೆಬ್ ಕೆಲಸಕ್ಕೂ ಇಂಥ ಒಂದು ಪರೀಕ್ಷೆ ಇದೆ. ಅದು ಮೂರು ತಿಂಗಳ ಸ್ವಂತ ಅಭ್ಯಾಸ.

ಇದಕ್ಕೆ ಮಳೆಗಾಲ ಅನುಕೂಲವಾದ ಸಮಯ. ಮದ್ದು ಬಿಡುವ ದಿನಗಳನ್ನು ಬಿಟ್ಟರೆ ಮನೆಯೊಳಗೆ ಕೂರುವ ವೇಳೆ ಹೆಚ್ಚು. ಕೊಯ್ಲಿನ ತಿಂಗಳುಗಳಲ್ಲಿ ಆರಂಭಿಸಿದರೆ ಎರಡೂ ಕೆಡುತ್ತವೆ. ಗುಡುಗು ಮಿಂಚಿಗೆ ಕರೆಂಟು ಹೋಗುವುದು, ನೆಟ್‌ವರ್ಕ್ ಸಿಗದಿರುವುದು ನಮ್ಮಲ್ಲಿ ಸಾಮಾನ್ಯ. ಆದರೆ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಬರೆಯಲು ಇಂಟರ್ನೆಟ್ ಬೇಕೆಂದಿಲ್ಲ. ಸಾಧಾರಣ ಲ್ಯಾಪ್‌ಟಾಪ್, ಅದರಲ್ಲಿ ಬರೆಯುವ ಒಂದು ಸರಳ ತಂತ್ರಾಂಶ ಮತ್ತು ಪುಟ ನೋಡುವ ಬ್ರೌಸರ್ ಇದ್ದರಾಯಿತು. ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಆದರೆ ಮೊಬೈಲಿನಲ್ಲಿ ವೀಡಿಯೊ ನೋಡುವುದನ್ನೇ ಕಲಿಕೆಯೆಂದು ತಿಳಿಯಬಾರದು. ಮರ ಹತ್ತುವುದನ್ನು ನೋಡಿದವನಿಗೆ ಮರ ಹತ್ತಲು ಬರುವುದಿಲ್ಲ.

ಪಾಠಗಳು ಎಲ್ಲಿ ಸಿಗುತ್ತವೆ? ಮೊಜಿಲ್ಲಾ ಸಂಸ್ಥೆಯ ಎಂಡಿಎನ್ ಮತ್ತು ಫ್ರೀಕೋಡ್‌ಕ್ಯಾಂಪ್ ಎಂಬ ಎರಡು ತಾಣಗಳಲ್ಲಿ ತಳಪಾಯದ ಪಾಠಗಳೆಲ್ಲ ಪುಕ್ಕಟೆಯಾಗಿವೆ. ಇವು ಇಂಗ್ಲಿಷಿನಲ್ಲಿವೆ. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಗಣಕದ ಅನೇಕ ಪಾಠಗಳಿಗೆ ಕನ್ನಡ ಧ್ವನಿಯೂ ಉಂಟು. ಕೇಂದ್ರ ಸರಕಾರದ ಸ್ವಯಂ ಯೋಜನೆ 2017ರಲ್ಲಿ ಆರಂಭವಾಯಿತು. ಅದರ ಪಾಠಗಳಿಗೆ ಶುಲ್ಕವಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದಕ್ಕೆ ಮಾತ್ರ ಶುಲ್ಕ.

ಅಭ್ಯಾಸದ ಕ್ರಮ ಹೀಗಿರಬಹುದು. ಮೊದಲ ತಿಂಗಳು ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್. ಎರಡನೆಯ ತಿಂಗಳು ಅದೇ ಪುಟ ಮೊಬೈಲಿನಲ್ಲಿ, ದೊಡ್ಡ ಪರದೆಯಲ್ಲಿ, ಕನ್ನಡದಲ್ಲಿ ಸರಿಯಾಗಿ ಕಾಣುವಂತೆ ಮಾಡುವುದು. ಮೂರನೆಯ ತಿಂಗಳು ಸ್ವಲ್ಪ ಜಾವಾಸ್ಕ್ರಿಪ್ಟ್ ಮತ್ತು ಒಂದು ನಿಜವಾದ ಕೆಲಸ. ಊರಿನ ಭಜನಾ ಮಂಡಳಿಯೋ, ಹಾಲಿನ ಸೊಸೈಟಿಯೋ, ಪರಿಚಯದವರ ಹೋಂಸ್ಟೇಯೋ ಇದ್ದರೆ ಅವರ ಒಪ್ಪಿಗೆ ಪಡೆದು ಒಂದು ಸಣ್ಣ ತಾಣ ಮಾಡಿಕೊಡಬೇಕು. ಅವರು ಇದು ಹೀಗಲ್ಲ, ಹಾಗೆ ಬೇಕಿತ್ತು ಎಂದಾಗ ಬೇಸರಿಸದೆ ತಿದ್ದಬೇಕು. ಈ ವೃತ್ತಿಯ ನಿಜವಾದ ರುಚಿ ತಿಳಿಯುವುದು ಆಗಲೇ.

ಇದೇ ಊರಿನಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಬಂದು ಸಂಗ್ರಹಿಸಿದ್ದು ಹಿರಿಯರಿಗೆ ತಿಳಿದಿದೆ. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾದರೂ ಆ ಪಾಠ ಉಳಿದಿದೆ. ದಿನಕ್ಕೆ ಒಂದೂವರೆ ಗಂಟೆಯ ಅಭ್ಯಾಸ ತಪ್ಪದೆ ನಡೆದರೆ ಮೂರು ತಿಂಗಳಲ್ಲಿ ನೂರಮೂವತ್ತು ಗಂಟೆಗೂ ಹೆಚ್ಚಾಗುತ್ತದೆ. ಭಾನುವಾರಗಳಲ್ಲಿ ಮಾತ್ರ ಹತ್ತು ಗಂಟೆ ಕುಳಿತು ಉಳಿದ ದಿನ ಮುಟ್ಟದವರಿಗೆ ಗಂಟೆಯ ಲೆಕ್ಕ ಸರಿಯಿದ್ದರೂ ವಿದ್ಯೆ ಹತ್ತುವುದಿಲ್ಲ.

ಮೂರು ತಿಂಗಳ ಕೊನೆಗೆ ಮನೆಯವರು ಕೂತು ಪ್ರಾಮಾಣಿಕವಾಗಿ ವಿಚಾರಿಸಬೇಕು. ಯಾರೂ ಎಬ್ಬಿಸದೆ ತಾನಾಗಿ ಕುಳಿತನೇ? ಪುಟ ಕೆಟ್ಟಾಗ ಕಾರಣ ಹುಡುಕಿದನೇ, ಮುಚ್ಚಿಟ್ಟು ಎದ್ದನೇ? ಮಾಡಿದ ತಾಣವನ್ನು ಹೊರಗಿನವರಿಗೆ ತೋರಿಸುವ ಧೈರ್ಯವಿದೆಯೇ? ಇಲ್ಲವೆಂದಾದರೆ ಅದರಲ್ಲಿ ನಾಚಿಕೆಯಿಲ್ಲ. ಒಂದು ಮಳೆಗಾಲ ಕಳೆಯಿತು, ಚಿನ್ನ ಉಳಿಯಿತು. ಹೌದೆಂದಾದರೆ ಮುಂದಿನ ಹೆಜ್ಜೆ ಇಡಬಹುದು.

ತರಬೇತಿಯ ದಾರಿಗಳು

ಪದವಿ ಮತ್ತು ಡಿಪ್ಲೊಮಾ: ಪಿ.ಯು.ಸಿ. ಮುಗಿಸಿದ ಹದಿನೆಂಟರ ಮಕ್ಕಳಿಗೆ ಇದೇ ಉತ್ತಮ. ಪದವಿಯನ್ನೇ ಕೇಳುವ ಸಂಸ್ಥೆಗಳು ಇನ್ನೂ ಬಹಳ ಇವೆ. ಆದರೆ ಮೂವತ್ತು ದಾಟಿ ಸಂಸಾರವಿರುವವರು ಮತ್ತೆ ಮೂರು ನಾಲ್ಕು ವರ್ಷ ಕಾಲೇಜಿಗೆ ಹೋಗುವುದು ಕಷ್ಟ. ಪದವಿ ಬೇಕೇ ಬೇಕೆನ್ನುವವರು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಬಿ.ಸಿ.ಎ. ಯಂಥ ದೂರಶಿಕ್ಷಣವನ್ನು ಕೆಲಸದ ಜೊತೆಗೆ ಮಾಡಬಹುದು.

ಸ್ವ ಉದ್ಯೋಗ ತರಬೇತಿ: ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಶಾಖೆ ಬ್ರಹ್ಮಾವರದಲ್ಲಿದೆ. ಊಟ ವಸತಿ ಸಹಿತ ಉಚಿತವಾಗಿ ಅಲ್ಪಾವಧಿಯ ತರಬೇತಿ ಕೊಡುವ ಈ ಕ್ರಮವೇ ಮುಂದೆ ದೇಶದಾದ್ಯಂತ ಇಂಥ ಸಂಸ್ಥೆಗಳಿಗೆ ಮಾದರಿಯಾಯಿತು. ಯಾವ ತಿಂಗಳು ಯಾವ ತರಬೇತಿ ಇದೆಯೆಂದು ನೇರವಾಗಿ ವಿಚಾರಿಸಿಕೊಳ್ಳಬೇಕು. ಗಣಕವನ್ನೇ ಮುಟ್ಟದವರಿಗೆ ಕೈ ಪಳಗಿಸಲು, ಸ್ವಂತ ಉದ್ಯೋಗದ ಲೆಕ್ಕಾಚಾರ ಕಲಿಯಲು ಇಂಥ ತರಬೇತಿ ಉಪಯುಕ್ತ.

ಖಾಸಗಿ ತರಗತಿಗಳು: ಮೂರರಿಂದ ಒಂಬತ್ತು ತಿಂಗಳ ಈ ತರಗತಿಗಳು ಪೇಟೆಯಲ್ಲಿಯೂ ಇವೆ, ಮನೆಯಲ್ಲಿ ಕುಳಿತು ಆನ್‌ಲೈನ್ ಮೂಲಕ ಕಲಿಯುವಂಥವೂ ಇವೆ. ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಪಾಠ ಪುಕ್ಕಟೆಯಾಗಿ ಸಿಗುವಾಗ ಇಲ್ಲಿ ಕೊಡುವ ಹಣ ಯಾತಕ್ಕೆ? ನಮ್ಮ ಕೆಲಸವನ್ನು ಪ್ರತಿ ವಾರ ಓದಿ ಇಲ್ಲಿ ತಪ್ಪಿದೆ, ಹೀಗೆ ಮಾಡು ಎಂದು ಹೇಳುವವರಿಗೆ, ಜೊತೆಯಲ್ಲಿ ಕಲಿಯುವ ಗೆಳೆಯರಿಗೆ, ಗಡುವಿನ ಒತ್ತಾಯಕ್ಕೆ. ಇವು ಸಿಗುವುದಾದರೆ ಹಣ ಕೊಡುವುದು ನ್ಯಾಯ. ಧ್ವನಿಮುದ್ರಿತ ಪಾಠಗಳನ್ನು ಮಾತ್ರ ಕೊಡುವವರಿಗೆ ದೊಡ್ಡ ಮೊತ್ತ ಕೊಡಲು ಕಾರಣವಿಲ್ಲ.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ನರ್ಸರಿಯಲ್ಲಿ ಸಸಿ ಕೊಳ್ಳುವಾಗ ಫಲಕ ನೋಡಿ ಕೊಳ್ಳುವುದಿಲ್ಲ. ತಾಯಿಮರ ಯಾವುದು, ಎಲ್ಲಿದೆ ಎಂದು ಕೇಳುತ್ತೇವೆ. ಅದೇ ರೀತಿ:

1. ಕಳೆದ ತಂಡದಲ್ಲಿ ಕಲಿತವರು ಮಾಡಿದ ಐದು ಜಾಲತಾಣಗಳ ವಿಳಾಸ ಕೊಡಿ ಎಂದು ಕೇಳಬೇಕು. ಚಿತ್ರ ಸಾಲದು. ನಮ್ಮ ಮೊಬೈಲಿನಲ್ಲಿ ತೆರೆದು ನೋಡಬೇಕು. ಐದೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ಕಲಿತವರು ನಕಲು ಮಾಡಿದ್ದಾರೆ, ಕಲಿತಿಲ್ಲ.

2. ಕಲಿಸುವವರು ಯಾರು? ಅವರು ಸ್ವತಃ ಈ ಕೆಲಸ ಮಾಡಿದವರೇ? ಒಬ್ಬ ಶಿಕ್ಷಕರಿಗೆ ಎಷ್ಟು ಮಂದಿ? ಮನೆಗೆಲಸವನ್ನು ಯಾರು, ಎಷ್ಟು ದಿನಗಳೊಳಗೆ ತಿದ್ದಿಕೊಡುತ್ತಾರೆ?

3. ನೂರಕ್ಕೆ ತೊಂಬತ್ತು ಮಂದಿಗೆ ಕೆಲಸ ಎಂದಾಗ ಯಾವ ನೂರು ಎಂದು ಕೇಳಬೇಕು. ಸೇರಿದವರೋ, ಮುಗಿಸಿದವರೋ? ಅವರಲ್ಲಿ ಮೊದಲೇ ಇಂಜಿನಿಯರಿಂಗ್ ಓದಿದವರು ಎಷ್ಟು? ಸಿಕ್ಕಿದ್ದು ವೆಬ್ ಕೆಲಸವೋ, ಫೋನಿನಲ್ಲಿ ಮಾತನಾಡುವ ಕೆಲಸವೋ?

4. ಹಿಂದೆ ಕಲಿತ ಇಬ್ಬರೊಡನೆ ಮಾತನಾಡಬೇಕು. ಅವರನ್ನು ಸಂಸ್ಥೆ ಆರಿಸಬಾರದು, ಪೂರ್ಣ ಪಟ್ಟಿಯಿಂದ ನಾವೇ ಆರಿಸಬೇಕು. ಒಬ್ಬರು ನಮ್ಮಂತೆಯೇ ಬೇರೆ ವೃತ್ತಿಯಿಂದ ಬಂದವರಾಗಿದ್ದರೆ ಒಳ್ಳೆಯದು.

5. ನಡುವೆ ಬಿಟ್ಟರೆ ಎಷ್ಟು ಹಣ ವಾಪಸು? ಇದು ಬಾಯಿಮಾತಿನಲ್ಲಿ ಸಾಲದು, ಬರವಣಿಗೆಯಲ್ಲಿರಬೇಕು.

6. ಕಣ್ಣು ಕಾಣದವರೂ ಬಳಸಬಹುದಾದಂತೆ ಪುಟ ಕಟ್ಟುವುದನ್ನು ಕಲಿಸುತ್ತೀರಾ? 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶ ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಿತ್ತಿದೆ. ಈ ವಿದ್ಯೆಗೆ ಇನ್ನು ಬೇಡಿಕೆ ಹೆಚ್ಚುವುದೇ ಸರಿ. ಪ್ರಶ್ನೆಯೇ ಅರ್ಥವಾಗದವರು ಉಳಿದ ತಳಪಾಯವನ್ನೂ ಅರ್ಧಂಬರ್ಧ ಕಲಿಸುವವರಿರಬಹುದು.

ಈ ಪ್ರಶ್ನೆಗಳಿಗೆ ಸಿಟ್ಟಾಗುವವರ ಬಳಿ ಹಣ ಕಟ್ಟಬೇಕಾಗಿಲ್ಲ. ಇವತ್ತೇ ಸೇರಿದರೆ ಅರ್ಧ ಶುಲ್ಕ, ನಾಳೆ ಪೂರ್ತಿ ಎನ್ನುವವರಿಗೂ ಅದೇ ಉತ್ತರ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹಣದ ಲೆಕ್ಕ

ಜಾಹೀರಾತಿನಲ್ಲಿರುವುದು ಶುಲ್ಕ ಮಾತ್ರ. ನಿಜವಾದ ಖರ್ಚು ಬೇರೆ. ಉದಾಹರಣೆಗಾಗಿ ಒಂದು ಲೆಕ್ಕ ನೋಡೋಣ. ಶುಲ್ಕ 80,000 ರೂಪಾಯಿ. ಬೆಂಗಳೂರಿನಲ್ಲಿ ಆರು ತಿಂಗಳು ವಸತಿ ಮತ್ತು ಊಟಕ್ಕೆ ತಿಂಗಳಿಗೆ 12,000ದಂತೆ 72,000. ಈಗಿನ ಕೆಲಸ ಬಿಟ್ಟರೆ ಕೈತಪ್ಪುವ ಸಂಬಳ ತಿಂಗಳಿಗೆ 18,000ದಂತೆ 1,08,000. ಒಟ್ಟು 2,60,000 ರೂಪಾಯಿ. ಲ್ಯಾಪ್‌ಟಾಪ್ ಬೇರೆ. ಅವನು ತೋಟದಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಆಳು ಹಿಡಿದರೆ ಅದೂ ಬೇರೆ. ಅದೇ ತರಬೇತಿಯನ್ನು ಕೆಲಸ ಬಿಡದೆ, ಸಂಜೆಯ ಹೊತ್ತು, ಊರಿನಲ್ಲಿದ್ದು ಮಾಡಿದರೆ ವಸತಿಯ ಖರ್ಚೂ ಇಲ್ಲ, ಸಂಬಳವೂ ಉಳಿಯುತ್ತದೆ. ಕಲಿಕೆಗೆ ಆರರ ಬದಲು ಹನ್ನೆರಡು ತಿಂಗಳು ಹಿಡಿಯಬಹುದು, ಅಷ್ಟೇ. ವೃತ್ತಿ ಬದಲಿಸುವವರಿಗೆ ನಿಧಾನದ ದಾರಿಯೇ ಹೆಚ್ಚಾಗಿ ಅಗ್ಗದ ದಾರಿ.

ಕಂತು ಎಂಬ ಮಾತಿನಲ್ಲಿಯೂ ಎರಡು ಅರ್ಥಗಳಿವೆ. ಸಂಸ್ಥೆಗೆ ನಾವೇ ತಿಂಗಳು ತಿಂಗಳು ಕಟ್ಟುವುದು ಒಂದು. ಹಣಕಾಸು ಕಂಪೆನಿಯೊಂದು ಸಂಸ್ಥೆಗೆ ಪೂರ್ತಿ ಹಣ ಕೊಟ್ಟು ನಮ್ಮ ಹೆಸರಿನಲ್ಲಿ ಸಾಲ ಬರೆದುಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ತರಗತಿ ಬಿಟ್ಟರೂ, ತರಗತಿಯೇ ಮುಚ್ಚಿದರೂ, ಸಾಲದ ಕಂತು ನಮ್ಮನ್ನೇ ಹುಡುಕಿಕೊಂಡು ಬರುತ್ತದೆ. ಸಾಲ ಕೊಡುವವರು ಬಡ್ಡಿ ಮತ್ತು ಎಲ್ಲ ಶುಲ್ಕಗಳನ್ನು ನಮೂದಿಸಿದ ಮುಖ್ಯಾಂಶ ಪತ್ರವನ್ನು ಮೊದಲೇ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅದನ್ನು ಓದದೆ ಮೊಬೈಲಿನಲ್ಲಿ ಒಪ್ಪಿಗೆ ಒತ್ತಬಾರದು. ಬೆಳೆಸಾಲದ ಹಣವನ್ನು ಈ ಕೆಲಸಕ್ಕೆ ತಿರುಗಿಸುವುದಂತೂ ಸಲ್ಲದು. ವಾಯಿದೆ ತಪ್ಪಿದರೆ ಬಡ್ಡಿಯ ರಿಯಾಯಿತಿ ಹೋಗುತ್ತದೆ, ಮದ್ದಿಗೂ ಗೊಬ್ಬರಕ್ಕೂ ಹಣವಿಲ್ಲದೆ ತೋಟ ಸೊರಗುತ್ತದೆ.

ಕೆಲಸ ಖಾತ್ರಿ ಎಂಬ ಮಾತಿಗೆ ಮರುಳಾಗಬೇಡಿ. ಕೋಚಿಂಗ್ ಕೇಂದ್ರಗಳ ಸುಳ್ಳು ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿ, ಉದ್ಯೋಗ ಖಾತ್ರಿಯಂಥ ಸುಳ್ಳು ಭರವಸೆಗಳನ್ನು ನಿಷೇಧಿಸಿದೆ. ಮೋಸವಾಗಿದೆ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕವಿಲ್ಲ. ಆದರೆ ಅದಕ್ಕೆ ರಶೀದಿ, ಜಾಹೀರಾತಿನ ಪ್ರತಿ, ಒಪ್ಪಂದದ ಪತ್ರ ಬೇಕು. ಮೊದಲ ದಿನದಿಂದಲೇ ಎಲ್ಲವನ್ನೂ ಒಂದು ಕಡತದಲ್ಲಿ ಇಟ್ಟುಕೊಳ್ಳಿ.

ಕಲಿತ ಮೇಲೆ

ತರಬೇತಿ ಮುಗಿದ ಮರುದಿನವೇ ಸಂಬಳ ಬರುವುದಿಲ್ಲ. ಅಡಿಕೆ ಸಸಿ ನೆಟ್ಟ ವರ್ಷವೇ ಹಿಂಗಾರ ಬಿಡುವುದಿಲ್ಲವಷ್ಟೆ. ಮೊದಲ ಒಂದು ವರ್ಷ ಸಣ್ಣ ಸಣ್ಣ ಕೆಲಸಗಳಲ್ಲಿ ಕೈ ಪಳಗಬೇಕು. ಕಾಪುವಿನ ಕಡಲ ತೀರದ ಹೋಂಸ್ಟೇ, ಕಾರ್ಕಳದ ಕೇಟರಿಂಗಿನವರು, ಊರಿನ ಶಾಲೆ, ದಂತವೈದ್ಯರ ದವಾಖಾನೆ, ಇಂಥವರಿಗೆ ತಾಣ ಮಾಡಿಕೊಡುವುದರಿಂದ ಆರಂಭಿಸಬಹುದು. ಇಲ್ಲಿ ತಾಣ ಕಟ್ಟುವ ಹಣ ಒಮ್ಮೆ ಮಾತ್ರ ಬರುತ್ತದೆ, ನೋಡಿಕೊಳ್ಳುವ ಹಣ ವರ್ಷ ವರ್ಷವೂ ಬರುತ್ತದೆ. ಆದುದರಿಂದ ವಾರ್ಷಿಕ ನಿರ್ವಹಣೆಯ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳುವುದು ಜಾಣತನ. ತಾಣದ ಹೆಸರು ಗಿರಾಕಿಯ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ಇದರಿಂದ ಮುಂದೆ ಜಗಳಕ್ಕೆ ಆಸ್ಪದವಿರುವುದಿಲ್ಲ, ನಮ್ಮ ಮೇಲೆ ವಿಶ್ವಾಸವೂ ಬೆಳೆಯುತ್ತದೆ.

ಸಂಬಳದ ಕೆಲಸವೇ ಬೇಕೆನ್ನುವವರು ತಾವು ಮಾಡಿದ ಮೂರು ನಾಲ್ಕು ಒಳ್ಳೆಯ ತಾಣಗಳನ್ನು ಮುಂದಿಟ್ಟು ಅರ್ಜಿ ಹಾಕಬೇಕು. ಈ ಕ್ಷೇತ್ರದಲ್ಲಿ ಪ್ರಮಾಣಪತ್ರಕ್ಕಿಂತ ಕಣ್ಣೆದುರಿನ ಕೆಲಸಕ್ಕೆ ಬೆಲೆ ಹೆಚ್ಚು. ಮೂರು ತಿಂಗಳ ಪರೀಕ್ಷೆಯಲ್ಲಿ ಊರವರಿಗೆ ಮಾಡಿಕೊಟ್ಟ ತಾಣವೇ ಆ ಪಟ್ಟಿಯಲ್ಲಿ ಮೊದಲನೆಯದಾಗಬಹುದು.

ಹೊಸ ಉತ್ಪತ್ತಿ ನೆಲೆಗೊಳ್ಳುವವರೆಗೆ ಹಳೆಯ ಕೆಲಸವನ್ನಾಗಲಿ ತೋಟವನ್ನಾಗಲಿ ಕೈಬಿಡಬಾರದು. ಅಡಿಕೆಯ ನಡುವೆ ಕಾಳುಮೆಣಸು ಹಬ್ಬಿಸುವಾಗ ಯಾರೂ ಅಡಿಕೆ ಮರ ಕಡಿಯುವುದಿಲ್ಲ. ಮರ ನಿಂತಿದ್ದರೆ ತಾನೇ ಬಳ್ಳಿ ಏರುವುದು. ಮನೆಯ ಮಕ್ಕಳು ಹೊಸ ವಿದ್ಯೆ ಕಲಿಯಲು ಹೊರಟಾಗ ಹಿರಿಯರು ಕೊಡಬಹುದಾದ ದೊಡ್ಡ ಸಹಾಯ ಹಣಕ್ಕಿಂತ ಹೆಚ್ಚಾಗಿ ಒಂದು ಮಳೆಗಾಲದ ಬಿಡುವು: ದಿನಕ್ಕೆ ಒಂದೂವರೆ ಗಂಟೆ ಯಾರೂ ಕರೆಯದ ಒಂದು ಮೂಲೆ, ಒಂದು ಮೇಜು. ಸೊಸೆ ಕಲಿಯುವುದಾದರೆ ಆ ಹೊತ್ತಿನ ಅಡಿಗೆಮನೆಯನ್ನು ಬೇರೆಯವರು ನೋಡಿಕೊಳ್ಳಬೇಕು. ಅಷ್ಟು ಮಾಡಿ, ಫಲ ನೋಡಿ, ಆ ಬಳಿಕ ಹಣದ ಮಾತು ಎತ್ತುವಂತೆ ಸದಸ್ಯರಲ್ಲಿ ವಿನಂತಿಸುತ್ತೇವೆ.